ಇಂಗ್ಲೆಂಡು ಕಲ್ಲಿದ್ದಲನ್ನು ಬಿಟ್ಟ ಕಥೆ

1984ರ ಮಳೆಗಾಲ. ಆಗ ನಾನು ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಅಧ್ಯಾಪಕನಾಗಿದ್ದೆ. ಒಂಬತ್ತನೆಯ ತರಗತಿಗೆ ಕೈಗಾರಿಕಾ ಕ್ರಾಂತಿಯ ಪಾಠ ನಡೆದಿತ್ತು. ಕಲ್ಲಿದ್ದಲು ಮತ್ತು ಕಬ್ಬಿಣ ಇಂಗ್ಲೆಂಡಿನ ಎರಡು ಕಣ್ಣುಗಳೆಂದು ವರ್ಷವರ್ಷವೂ ಹೇಳುವಂತೆ ಅಂದೂ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. ಅವನ ತಂದೆ ಶಕ್ತಿನಗರದಲ್ಲಿ ಕಟ್ಟುತ್ತಿದ್ದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಕೂಲಿಗೆ ಹೋಗುತ್ತಿದ್ದರು. "ಕಲ್ಲಿದ್ದಲು ತೀರಿದ್ರ ಇಂಗ್ಲೆಂಡಿನವ್ರು ಏನ್ ಮಾಡ್ತಾರ್ರೀ ಸರ?" ಎಂದು ಕೇಳಿದ. "ಕತ್ತಲಲ್ಲಿ ಕೂಡ್ತಾರೆ, ನಮ್ಮ ಹಾಗೆ" ಎಂದೆ. ದಿನವೂ ವಿದ್ಯುತ್ ಕಡಿತ ಕಾಣುತ್ತಿದ್ದ ಮಕ್ಕಳು ನಕ್ಕರು.

ಆ ಉತ್ತರ ಪೂರ್ತಿ ತಪ್ಪಾಯಿತು. ಅಲ್ಲಿ ಕಲ್ಲಿದ್ದಲು ತೀರಲೂ ಇಲ್ಲ, ಕತ್ತಲೆ ಕವಿಯಲೂ ಇಲ್ಲ. 2024ರ ಸೆಪ್ಟೆಂಬರ್ 30ರಂದು ನಾಟಿಂಗ್‌ಹ್ಯಾಮ್‌ಶೈರಿನ ರಾಟ್‌ಕ್ಲಿಫ್-ಆನ್-ಸೋರ್ ಸ್ಥಾವರವನ್ನು ನಿಲ್ಲಿಸಿದಾಗ ಬ್ರಿಟನ್ನಿನ ಕಟ್ಟಕಡೆಯ ಕಲ್ಲಿದ್ದಲು ವಿದ್ಯುತ್ ಕೇಂದ್ರ ಮುಚ್ಚಿತು. ಲಂಡನ್ನಿನ ಹೋಬರ್ನ್ ವಯಾಡಕ್ಟ್‌ನಲ್ಲಿ ಎಡಿಸನ್ನನ ಕಂಪನಿ ಕಲ್ಲಿದ್ದಲು ಉರಿಸಿ ಸಾರ್ವಜನಿಕರಿಗೆ ವಿದ್ಯುತ್ ಕೊಡಲಾರಂಭಿಸಿದ್ದು 1882ರಲ್ಲಿ. ಅಲ್ಲಿಂದ ಇಲ್ಲಿಗೆ 142 ವರ್ಷ.

ಈ ಕಥೆಯನ್ನು ಈಗ ಇಂಗಾಲವನ್ನು ಗೆದ್ದ ಕಥೆಯೆಂಬಂತೆ ಹೇಳುವುದುಂಟು. ನನಗೆ ಅದು ಅರ್ಧಸತ್ಯವೆನಿಸುತ್ತದೆ. ಗಾಳಿಯ ವಿಷಯವನ್ನೇ ನೋಡಿ. ಹೋಬರ್ನ್ ಆರಂಭವಾದ ಐದೇ ವರ್ಷಕ್ಕೆ, 1887ರಲ್ಲಿ, ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ಎಂಬ ಪ್ರಾಧ್ಯಾಪಕರು ಮೇರಿಕರ್ಕ್ ಗ್ರಾಮದ ತಮ್ಮ ಮನೆಯಲ್ಲಿ ಗಾಳಿಯಂತ್ರದಿಂದ ದೀಪ ಉರಿಸಿದ್ದರು. ಮಿಕ್ಕ ವಿದ್ಯುತ್ತಿನಿಂದ ಊರ ಬೀದಿಗೂ ದೀಪ ಹಾಕಿಕೊಡುವೆನೆಂದಾಗ, ಇದು ಸೈತಾನನ ಕೆಲಸವೆಂದು ಗ್ರಾಮಸ್ಥರು ನಿರಾಕರಿಸಿದರಂತೆ. ಅದೇ ಬ್ರಿಟನ್ನಿನಲ್ಲಿ ಮೊದಲ ವಾಣಿಜ್ಯ ಪವನ ವಿದ್ಯುತ್ ಕೇಂದ್ರ ತಲೆಯೆತ್ತಲು 1991 ಬರಬೇಕಾಯಿತು, ಕಾರ್ನ್‌ವಾಲಿನ ಡೆಲಬೋಲಿನಲ್ಲಿ. ನೂರು ವರ್ಷಗಳ ನಿದ್ರೆ!

ನಡುವೆ ಕಲ್ಲಿದ್ದಲಿನ ಮೇಲೆ ಜನರಿಗೆ ಸಿಟ್ಟು ಬಂದದ್ದೂ ಹೊಗೆಗಾಗಿಯೇ ಹೊರತು ಹವಾಮಾನಕ್ಕಾಗಿ ಅಲ್ಲ. 1952ರ ಡಿಸೆಂಬರಿನಲ್ಲಿ ಐದು ದಿನ ಲಂಡನ್ನನ್ನು ಮುಸುಕಿದ ಹೊಗೆಮಂಜಿನಿಂದ ನಾಲ್ಕು ಸಾವಿರ ಜನ ಸತ್ತರೆಂದು ಅಂದಿನ ಲೆಕ್ಕ. ಅದರ ಮೂರು ಪಟ್ಟು ಎಂಬುದು ಆಮೇಲಿನ ಸಂಶೋಧಕರ ಅಂದಾಜು. 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಅದೇ ವರ್ಷ ಕಾಲ್ಡರ್ ಹಾಲ್ ಪರಮಾಣು ಕೇಂದ್ರವನ್ನು ಎಲಿಜಬೆತ್ ರಾಣಿ ಉದ್ಘಾಟಿಸಿದರು. ಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿಯೂ ಅದರ ಕೆಲಸವಾಗಿತ್ತು.

ಇನ್ನು ಆ 1984ರ ಮಾತು. ನಾನು ತರಗತಿಯಲ್ಲಿ ಕಲ್ಲಿದ್ದಲನ್ನು ಹೊಗಳುತ್ತಿದ್ದ ಹೊತ್ತಿಗೆ ಬ್ರಿಟನ್ನಿನ ಗಣಿಗಳಲ್ಲಿ ಮುಷ್ಕರ ನಡೆದಿತ್ತು. ರಾತ್ರಿ ರೇಡಿಯೋದಲ್ಲಿ ಆ ಸುದ್ದಿ ಕೇಳುತ್ತಿದ್ದೆ. ಬೆಳಗಿನ ಪಾಠಕ್ಕೂ ಅದಕ್ಕೂ ಸಂಬಂಧ ಕಲ್ಪಿಸಲು ಮಾತ್ರ ನನಗೆ ಹೊಳೆಯಲಿಲ್ಲ. ಇಪ್ಪತ್ತು ಗಣಿಗಳನ್ನು ಮುಚ್ಚುವ ಯೋಜನೆಯ ವಿರುದ್ಧ ಆರ್ಥರ್ ಸ್ಕಾರ್ಗಿಲ್ ನಾಯಕತ್ವದಲ್ಲಿ ಗಣಿ ಕಾರ್ಮಿಕರು ಕೆಲಸ ಬಿಟ್ಟಿದ್ದರು. ಹತ್ತು ವರ್ಷ ಹಿಂದೆ, 1974ರಲ್ಲಿ, ಗಣಿಯವರ ಹೋರಾಟದ ನಡುವೆಯೇ ಚುನಾವಣೆಗೆ ಹೋದ ಎಡ್ವರ್ಡ್ ಹೀತ್ ಅಧಿಕಾರ ಕಳೆದುಕೊಂಡಿದ್ದರು. ಮಾರ್ಗರೆಟ್ ಥ್ಯಾಚರ್ ಆ ಪಾಠವನ್ನು ಚೆನ್ನಾಗಿ ಕಲಿತಿದ್ದರು. ವಿದ್ಯುತ್ ಸ್ಥಾವರಗಳ ಅಂಗಳದಲ್ಲಿ ಮೊದಲೇ ಕಲ್ಲಿದ್ದಲಿನ ರಾಶಿ ಹಾಕಿಸಿಟ್ಟಿದ್ದರು. ಒಂದು ವರ್ಷ ಮುಷ್ಕರ ನಡೆಯಿತು. ಹನ್ನೊಂದು ಸಾವಿರಕ್ಕೂ ಹೆಚ್ಚು ಬಂಧನಗಳಾದವು. 1985ರ ಮಾರ್ಚಿನಲ್ಲಿ ಕಾರ್ಮಿಕರು ಬೇಡಿಕೆಗಳೊಂದೂ ಈಡೇರದೆ ಗಣಿಗೆ ಮರಳಿದರು.

ನಾಟಿಂಗ್‌ಹ್ಯಾಮ್‌ಶೈರಿನ ಬಹುಪಾಲು ಕಾರ್ಮಿಕರು ಮುಷ್ಕರ ಸೇರಲೇ ಇಲ್ಲ. ರಾಷ್ಟ್ರಮಟ್ಟದಲ್ಲಿ ಮತ ಹಾಕಿಸದೆ ಮುಷ್ಕರ ಹೂಡಿದ್ದು ನ್ಯಾಯವಲ್ಲವೆಂಬುದು ಅವರ ವಾದ. ಸ್ಕಾರ್ಗಿಲ್ ಮಾಡಿದ್ದು ತಪ್ಪೆಂದು ನನಗೂ ತೋರುತ್ತದೆ. ದುಡಿದವರು ಬೇರೆ ಸಂಘ ಕಟ್ಟಿಕೊಂಡರು, ತಮ್ಮ ಗಣಿಗಳಾದರೂ ಉಳಿದಾವೆಂದು ನಂಬಿದರು. 1992ರಲ್ಲಿ 31 ಗಣಿಗಳನ್ನು ಮುಚ್ಚುವುದಾಗಿ ಸರ್ಕಾರ ಸಾರಿದಾಗ ಆ ಪಟ್ಟಿಯಲ್ಲಿ ಅವರ ಗಣಿಗಳೂ ಇದ್ದವು. ಒಂದೇ ಬೀದಿಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರಿಬ್ಬರೂ ಕಡೆಗೆ ನಿರುದ್ಯೋಗಿಗಳಾದರು.

ಅಷ್ಟರಲ್ಲಿ ವಿದ್ಯುತ್ ಉದ್ಯಮ ಖಾಸಗಿಯವರ ಕೈಸೇರಿತ್ತು. ಅವರಿಗೆ ಉತ್ತರ ಸಮುದ್ರದ ಅನಿಲ ಅಗ್ಗವಾಗಿ ಕಂಡಿತು. ಅನಿಲದ ಸ್ಥಾವರವನ್ನು ಬೇಗ ಕಟ್ಟಬಹುದು, ಆಳೂ ಕಡಿಮೆ ಸಾಕು. ಒಂದು ಯೂನಿಟ್ಟಿಗೆ ಅನಿಲ ಉಗುಳುವ ಇಂಗಾಲದ ಡೈ ಆಕ್ಸೈಡ್ ಕಲ್ಲಿದ್ದಲಿನ ಸುಮಾರು ಅರ್ಧ. ಆದ್ದರಿಂದ 1990ರ ದಶಕದಲ್ಲಿ ಬ್ರಿಟನ್ನಿನ ಇಂಗಾಲ ಇಳಿಯಿತು. ಅದು ಲಾಭದ ಲೆಕ್ಕದಲ್ಲಿ ಬಂದ ಪುಣ್ಯ. ಥ್ಯಾಚರ್ 1988ರಲ್ಲಿ ರಾಯಲ್ ಸೊಸೈಟಿಯಲ್ಲಿ ಭೂಮಿಯ ಬಿಸಿಯೇರಿಕೆಯ ಬಗ್ಗೆ ಎಚ್ಚರಿಸಿದ್ದು ನಿಜ. ಅವರು ಮೊದಲು ರಸಾಯನಶಾಸ್ತ್ರದ ವಿದ್ಯಾರ್ಥಿನಿ ಎಂಬುದನ್ನು ಮರೆಯಬಾರದು.

ಹವಾಮಾನಕ್ಕೆಂದೇ ಗಟ್ಟಿ ಕಾನೂನು ಬಂದದ್ದು 2008ರಲ್ಲಿ. ವಿರೋಧವಾಗಿ ಮತ ಹಾಕಿದ ಸಂಸದರು ಬೆರಳೆಣಿಕೆಯಷ್ಟು. 2013ರಿಂದ ಇಂಗಾಲಕ್ಕೆ ಕನಿಷ್ಠ ಬೆಲೆ ಗೊತ್ತಾಯಿತು. ಗಂಧಕದ ಹೊಗೆಯ ಮೇಲಿನ ಐರೋಪ್ಯ ನಿಯಮವೂ ಹಳೆಯ ಸ್ಥಾವರಗಳನ್ನು ಬಾಗಿಲು ಹಾಕಿಸಿತು. 2012ರಲ್ಲಿ ಶೇ. 40ರ ಆಸುಪಾಸಿನಲ್ಲಿದ್ದ ಕಲ್ಲಿದ್ದಲು ವಿದ್ಯುತ್ತಿನ ಪಾಲು 2020ಕ್ಕೆ ಶೇ. 2ಕ್ಕಿಂತ ಕೆಳಗಿಳಿಯಿತು. 2017ರ ಏಪ್ರಿಲ್ 21ರಂದು ಇಡೀ ದಿನ ಕಲ್ಲಿದ್ದಲಿಲ್ಲದೆ ದೇಶ ನಡೆಯಿತು, 1882ರ ನಂತರ ಮೊದಲ ಸಲ. ಸಮುದ್ರದೊಳಗೆ ನೆಟ್ಟ ಗಾಳಿಯಂತ್ರಗಳು ಆ ಜಾಗವನ್ನು ಬಹಳಮಟ್ಟಿಗೆ ತುಂಬಿದವು. 2024ರಲ್ಲಿ ಗಾಳಿಯದೂ ಅನಿಲದ್ದೂ ತಲಾ ಶೇ. 30ರಷ್ಟು ಪಾಲು. ಡ್ರ್ಯಾಕ್ಸ್ ಎಂಬ ದೈತ್ಯ ಸ್ಥಾವರ ಕಲ್ಲಿದ್ದಲು ಬಿಟ್ಟು ಅಮೆರಿಕದಿಂದ ಹಡಗಿನಲ್ಲಿ ಬರುವ ಮರದ ಗುಳಿಗೆಗಳನ್ನು ಸುಡತೊಡಗಿತು. ಕಾಗದದ ಮೇಲೆ ಅದು ಹಸಿರು. ನನಗೇಕೋ ಆ ಲೆಕ್ಕ ಸರಿಕಾಣುವುದಿಲ್ಲ.

ಬ್ರಿಟನ್ನಿನ ಕೊನೆಯ ಆಳದ ಗಣಿ ಕೆಲಿಂಗ್ಲಿ 2015ರ ಡಿಸೆಂಬರಿನಲ್ಲಿ ಮುಚ್ಚಿತು. ಅದಕ್ಕೆ ಒಂದು ತಿಂಗಳು ಮೊದಲಷ್ಟೇ, ಕಲ್ಲಿದ್ದಲು ವಿದ್ಯುತ್ತನ್ನು 2025ರೊಳಗೆ ನಿಲ್ಲಿಸುವುದಾಗಿ ಸರ್ಕಾರ ಹೇಳಿತ್ತು. ಗಣಿಯವರಿಗೆ ಸಿಗದಿದ್ದ ಒಂದು ಸೌಕರ್ಯ ಹೀಗೆ ಸ್ಥಾವರದವರಿಗೆ ಸಿಕ್ಕಿತು: ಮುಂಚಿತವಾಗಿ ತಿಳಿಯುವುದು. ರಾಟ್‌ಕ್ಲಿಫ್‌ನಲ್ಲಿ ಕಡೆಗೆ ಉಳಿದ ಸುಮಾರು 170 ಜನರಿಗೆ ಬೇರೆ ಕೆಲಸ ಕಲಿಯಲು, ವರ್ಗ ಕೇಳಲು ಸಮಯವಿತ್ತು. ಅದೇ ದಿನ ವೇಲ್ಸಿನ ಪೋರ್ಟ್ ಟಾಲ್ಬಟ್‌ನಲ್ಲಿ ನಮ್ಮ ಟಾಟಾ ಕಂಪನಿಯ ಕೊನೆಯ ಊದುಕುಲುಮೆಯೂ ಆರಿತು. ಅಲ್ಲಿ ಕೆಲಸ ಹೋದವರ ಸಂಖ್ಯೆ ಸಾವಿರಗಳಲ್ಲಿತ್ತು.

ನಮ್ಮ ಕಡೆ ಕಾಲದ ನಡೆ ತಿರುಗುಮುರುಗು. ಮೈಸೂರು ಸಂಸ್ಥಾನ 1902ರಲ್ಲಿ ಶಿವನಸಮುದ್ರದ ನೀರಿನಿಂದ ಆರಂಭಿಸಿತು. ಬ್ರಿಟನ್ನಿನ ಗಣಿ ಕಾರ್ಮಿಕರು ಸೋತ 1985ರಲ್ಲಿ ಶಕ್ತಿನಗರದ ಮೊದಲ ಕಲ್ಲಿದ್ದಲು ಘಟಕ ಚಾಲನೆಗೊಂಡಿತು. ಅಂದು ಪ್ರಶ್ನೆ ಕೇಳಿದ ಹುಡುಗ ಮುಂದೆ ಅಲ್ಲಿಯೇ ನೌಕರಿಗೆ ಸೇರಿದ. ರಾಟ್‌ಕ್ಲಿಫ್ ಸುದ್ದಿ ಓದಿದ ದಿನ ಅವನಿಗೆ ಫೋನು ಮಾಡಿ, ನಲವತ್ತು ವರ್ಷ ತಡವಾಗಿ ಉತ್ತರ ತಿದ್ದಿಕೊಂಡೆ. ಎಲ್ಲವನ್ನೂ ಕೇಳಿ, "ಸರ, ನಮಗ ಎಷ್ಟು ವರ್ಷ ಮೊದಲ ಹೇಳ್ತಾರ್ರೀ?" ಎಂದ. ಅಲ್ಲಿಯವರಿಗೆ ಒಂಬತ್ತು ವರ್ಷ ಮೊದಲೇ ಹೇಳಿದ್ದರೆಂದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿದನೆಂದು ಕಾಣುತ್ತದೆ.

"ಹಂಗಾದ್ರ ಅಷ್ಟೊತ್ತಿಗೆ ನಾ ರಿಟೈರ್ ಆಗಿರ್ತೀನಿ ಬಿಡ್ರಿ. ಮಗ ಇಲ್ಲೇ ಕಾಂಟ್ರ್ಯಾಕ್ಟಿನ ಮ್ಯಾಲೆ ಅದಾನ."