ಧೂಮಪಾನ ಮತ್ತು ಕರುಳಿನ ಉರಿಯೂತ

ಕರುಳಿನ ದೀರ್ಘಕಾಲಿಕ ಉರಿಯೂತದಲ್ಲಿ ಮುಖ್ಯವಾಗಿ ಎರಡು ಬಗೆ: ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್. ಹೊಟ್ಟೆನೋವು, ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ತೂಕ ಇಳಿಕೆ ಇವುಗಳ ಲಕ್ಷಣಗಳು.

ಧೂಮಪಾನವು ಕ್ರೋನ್ಸ್ ತಗಲುವ ಸಂಭವವನ್ನು ಹೆಚ್ಚಿಸುತ್ತದೆ. ತಗಲಿದವರಲ್ಲಿ ರೋಗ ಮರುಕಳಿಸುವಂತೆ ಮಾಡುತ್ತದೆ, ಶಸ್ತ್ರಚಿಕಿತ್ಸೆಯವರೆಗೂ ಒಯ್ಯಬಲ್ಲದು. ಬೀಡಿ ಬಿಟ್ಟರೆ ಈ ಅಪಾಯ ತಗ್ಗುತ್ತದೆ.

ಕೊಲೈಟಿಸ್ ಧೂಮಪಾನಿಗಳಲ್ಲಿ ಕಡಿಮೆಯೆಂದು 1982ರಲ್ಲಿ ಬ್ರಿಟನ್ನಿನ ವೈದ್ಯರು ವರದಿ ಮಾಡಿದರು. ಆದರೆ ಕ್ಯಾನ್ಸರ್, ಹೃದ್ರೋಗ ತರುವ ಹೊಗೆಯನ್ನು ಯಾವ ವೈದ್ಯರೂ ಔಷಧವೆಂದು ಸೂಚಿಸುವುದಿಲ್ಲ.

ಮಂಗೋರ್ ಹಿಲ್‌ನ ಕನ್ನಡಿಗ ಬಂಧುಗಳಲ್ಲಿ ನಮ್ಮ ವಿನಂತಿ: ಕೊಂಕಣಿ ಬಾರದೆಂಬ ಸಂಕೋಚದಿಂದ ಮಲದಲ್ಲಿನ ರಕ್ತವನ್ನು ವೈದ್ಯರಿಂದ ಮುಚ್ಚಿಡಬೇಡಿ, ಭಾಷೆ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ತಂಬಾಕು ತ್ಯಜಿಸಲು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ರಲ್ಲಿ ಕನ್ನಡದಲ್ಲೂ ನೆರವು ದೊರೆಯುತ್ತದೆ.