ಆರೋಗ್ಯ ಸಾಹಿತ್ಯ ಶೋಧದಲ್ಲಿ ಹಳೆಯ ಮತ್ತು ಅವಮಾನಕರ ಪದಗಳು

ವೈದ್ಯಕೀಯ ದತ್ತಸಂಚಯಗಳಲ್ಲಿ ಪ್ರಬಂಧಗಳನ್ನು ಹುಡುಕುವವರು, ಬಳಕೆಯಿಂದ ಹೋದ ಅಥವಾ ಈಗ ಅವಮಾನಕರವೆನಿಸುವ ರೋಗನಾಮಗಳನ್ನೂ ಶೋಧಪದಗಳಾಗಿ ಬಳಸಬೇಕಾಗುತ್ತದೆ. ವ್ಯವಸ್ಥಿತ ವಿಮರ್ಶೆ ಬರೆಯುವವರಿಗೂ ಅವರಿಗೆ ನೆರವಾಗುವ ಗ್ರಂಥಪಾಲಕರಿಗೂ ಇದು ಮತ್ತೆ ಮತ್ತೆ ಎದುರಾಗುವ ಇಕ್ಕಟ್ಟು.

ಡೌನ್ ಸಿಂಡ್ರೋಮ್‌ನ ಚರಿತ್ರೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ಈ ಸ್ಥಿತಿಯನ್ನು ವಿವರಿಸುವಾಗ ರೋಗಿಗಳ ಮುಖವನ್ನು ಮಂಗೋಲ್ ಜನಾಂಗಕ್ಕೆ ಹೋಲಿಸಿದರು. ಆಧಾರವಿಲ್ಲದ ಆ ಹೋಲಿಕೆಯಿಂದ ಹುಟ್ಟಿದ ‘ಮಂಗೋಲಿಸಂ’ ಎಂಬ ಹೆಸರು ಸುಮಾರು ನೂರು ವರ್ಷ ಉಳಿಯಿತು. 1961ರಲ್ಲಿ ತಜ್ಞರ ಗುಂಪೊಂದು ‘ದಿ ಲ್ಯಾನ್ಸೆಟ್’ ಪತ್ರಿಕೆಗೆ ಪತ್ರ ಬರೆದು ಹೆಸರು ಬದಲಿಸಲು ಕೋರಿತು. ಮಂಗೋಲಿಯಾದ ಆಕ್ಷೇಪದ ಮೇರೆಗೆ 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಕೈಬಿಟ್ಟಿತು. ಆದರೆ ಈ ಸ್ಥಿತಿಗೆ ಹೆಚ್ಚುವರಿ ವರ್ಣತಂತು ಕಾರಣವೆಂದು ತೋರಿಸಿದ ಜೆರೋಮ್ ಲೆಜೂನ್ ಮತ್ತು ಸಂಗಡಿಗರ 1959ರ ಪ್ರಬಂಧದ ಶೀರ್ಷಿಕೆಯಲ್ಲೇ ಹಳೆಯ ಪದವಿದೆ. ಅದನ್ನು ಬಿಟ್ಟು ಶೀರ್ಷಿಕೆಗಳಲ್ಲಿ ಹುಡುಕಿದವರಿಗೆ ಈ ಮೂಲ ಪ್ರಬಂಧವೇ ಸಿಗದೆ ಹೋಗಬಹುದು.

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ತನ್ನ ‘ಮೆಶ್’ ವಿಷಯಶೀರ್ಷಿಕೆಗಳನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ‘ಮೆಂಟಲ್ ರಿಟಾರ್ಡೇಶನ್’ ಇದ್ದಲ್ಲಿ ಈಗ ‘ಇಂಟೆಲೆಕ್ಚುವಲ್ ಡಿಸೆಬಿಲಿಟಿ’ ಇದೆ. ಅಮೆರಿಕದ ಕಾನೂನುಗಳಲ್ಲಿ ಈ ಬದಲಾವಣೆ ತಂದದ್ದು 2010ರ ‘ರೋಸಾಸ್ ಲಾ’. ಭಾರತದಲ್ಲಿ 1995ರ ಅಂಗವಿಕಲರ ಕಾಯ್ದೆ ಹಳೆಯ ಪದವನ್ನೇ ಬಳಸಿತ್ತು, 2016ರ ಕಾಯ್ದೆ ಹೊಸದನ್ನು ತಂದಿತು. ಕನ್ನಡದಲ್ಲೂ ‘ಬುದ್ಧಿಮಾಂದ್ಯ’ ಎಂಬುದು ಹಿಂದೆ ಸರಿದು ‘ಬೌದ್ಧಿಕ ಅಂಗವೈಕಲ್ಯ’ ಬಳಕೆಗೆ ಬರುತ್ತಿದೆ. ವಿಷಯಶೀರ್ಷಿಕೆ ಬದಲಾದರೂ ಲೇಖಕರು ಬರೆದ ಶೀರ್ಷಿಕೆ, ಸಾರಾಂಶಗಳು ಹಾಗೇ ಉಳಿಯುತ್ತವೆ. ವಿಷಯಶೀರ್ಷಿಕೆ ಇನ್ನೂ ಸೇರದ ದಾಖಲೆಗಳೂ ಇರುತ್ತವೆ. ಆದ್ದರಿಂದ ಹಳೆಯ ಮತ್ತು ಹೊಸ ಪದಗಳನ್ನು ‘ಆರ್’ (ಅಥವಾ) ಎಂಬ ಶೋಧಸಂಕೇತದಿಂದ ಜೋಡಿಸಿ ಹುಡುಕುವುದು ರೂಢಿ.

ಇಲ್ಲಿ ತುಸು ಜಾಣ್ಮೆಯೂ ಬೇಕು. ‘ರಿಟಾರ್ಡ್’ ಎಂಬ ಮೊಟಕು ರೂಪಕ್ಕೆ, ಅದರಿಂದ ಶುರುವಾಗುವ ಎಲ್ಲ ಪದಗಳನ್ನೂ ತರುವ ನಕ್ಷತ್ರಚಿಹ್ನೆ ಹಚ್ಚಿ ಹುಡುಕಿದರೆ ಭ್ರೂಣದ ಬೆಳವಣಿಗೆ ಕುಂಠಿತವಾಗುವುದರ ಬಗೆಗಿನ ಪ್ರಬಂಧಗಳೂ ರಾಶಿ ಬೀಳುತ್ತವೆ. ಪೂರ್ಣ ಪದಗುಚ್ಛ ಬಳಸುವುದು ಮೇಲು.

ನೋಯಿಸುವ ಪದವನ್ನು ಶೋಧದಿಂದ ತೆಗೆದುಹಾಕುವುದು ಸೌಜನ್ಯವೆಂದು ತೋರಬಹುದು. ಆದರೆ ಆ ಹೆಸರಿನಡಿ ದಾಖಲಾದವರ ಆಯುಷ್ಯ, ಕಾಯಿಲೆ, ಚಿಕಿತ್ಸೆಯ ವಿವರಗಳು ಅದರೊಂದಿಗೇ ಮರೆಯಾಗುತ್ತವೆ. ಅದು ಅವರಿಗೆ ಎರಡನೆಯ ಅನ್ಯಾಯ. ಹಾಗೆಂದು ವಿಮರ್ಶೆಯ ಬರಹದೊಳಗೆ ಆ ಪದಗಳನ್ನು ಹರಿಯಬಿಡುವುದಕ್ಕೂ ಸಮರ್ಥನೆಯಿಲ್ಲ. ಶೋಧ ವರದಿಗಾಗಿ 2021ರಲ್ಲಿ ಪ್ರಕಟವಾದ ‘ಪ್ರಿಸ್ಮಾ-ಎಸ್’ ಮಾರ್ಗಸೂಚಿಯಂತೆ ಶೋಧಸೂತ್ರವನ್ನು ನಡೆಸಿದ ಹಾಗೆಯೇ ಪ್ರಕಟಿಸಬೇಕು. ಹೀಗಾಗಿ ಹಳೆಯ ಪದಗಳನ್ನು ಅನುಬಂಧದಲ್ಲಿ ಮುಚ್ಚಿಡಲಾಗದು. ಅವು ಏಕೆ ಅಲ್ಲಿವೆ ಎಂಬ ವಿವರಣೆಯನ್ನು ಸೂತ್ರದ ಪಕ್ಕದಲ್ಲೇ ಕೊಡಬೇಕು.