ದೆಹಲಿಯ ಹೊಗೆ, ಬಿಸಿಲಿಗೆ ನಾಯಿಯ ವಾಕಿಂಗ್ ಬಂದ್ ಆಯ್ತಾ? ಮನೆಯೊಳಗೇ ಚುರುಕಾಗಿಡಲು ಹೀಗೆ ಮಾಡಿ

ದೆಹಲಿ, ನೋಯ್ಡಾ, ಗುರುಗ್ರಾಮ, ಗಾಜಿಯಾಬಾದ್‌ನ ಫ್ಲ್ಯಾಟ್‌ಗಳಲ್ಲಿ ನಾಯಿ ಸಾಕುವವರಿಗೆ ವರ್ಷದಲ್ಲಿ ಎರಡು ಕಷ್ಟದ ಕಾಲ. ಒಂದು, ದೀಪಾವಳಿಯ ಆಸುಪಾಸಿನಿಂದ ಜನವರಿವರೆಗೆ ಕವಿಯುವ ಹೊಗೆಮಂಜು. ಇನ್ನೊಂದು, ಮೇ-ಜೂನ್‌ನಲ್ಲಿ ಬೀಸುವ ‘ಲೂ’ ಬಿಸಿಗಾಳಿ. ಎರಡೂ ಕಾಲದಲ್ಲಿ ವಾಕಿಂಗ್ ಮೊಟಕಾಗುತ್ತದೆ. ಆಗ ನಾಯಿ ಚಪ್ಪಲಿ ಕಚ್ಚುತ್ತದೆ, ಸೋಫಾ ಕೆರೆಯುತ್ತದೆ, ಲಿಫ್ಟ್ ಸದ್ದಾದರೂ ಬೊಗಳುತ್ತದೆ. ಇದು ಬಹುತೇಕ ತುಂಟತನವಲ್ಲ, ಬೇಸರ.

ಹಾಗಂತ ಇದಕ್ಕೆ ದೊಡ್ಡ ಮನೆಯೇನೂ ಬೇಕಿಲ್ಲ. ನಾಯಿಯ ಕಾಲಿಗೆ ಕೆಲಸ ಕೊಡಲು ಆಗದ ದಿನ ಅದರ ಮೂಗಿಗೆ ಮತ್ತು ಬುದ್ಧಿಗೆ ಕೆಲಸ ಕೊಟ್ಟರೆ ಸಾಕು.

ಯಾವ ದಿನ ಹೊರಗೆ ಬೇಡ?

ಎನ್‌ಸಿಆರ್‌ನಲ್ಲಿ ಮಾಲಿನ್ಯ ನಿಯಂತ್ರಣಕ್ಕೆ ‘ಗ್ರಾಪ್’ ಎಂಬ ಹಂತ ಹಂತದ ಯೋಜನೆ ಇದೆ. ವಾಯು ಗುಣಮಟ್ಟ ಸೂಚ್ಯಂಕ (ಎಕ್ಯೂಐ) 201 ದಾಟಿದರೆ ಮೊದಲ ಹಂತ, 301 ದಾಟಿದರೆ ಎರಡನೇ ಹಂತ, 401 ದಾಟಿದರೆ ಮೂರನೇ ಹಂತ, 450 ಮೀರಿದರೆ ನಾಲ್ಕನೇ ಹಂತ. 2024ರ ನವೆಂಬರ್‌ನಲ್ಲಿ ನಾಲ್ಕನೇ ಹಂತವೂ ಜಾರಿಯಾಗಿತ್ತು. ಗ್ರಾಪ್‌ನಲ್ಲಿ ಸಾಕುನಾಯಿಗಳಿಗೆಂದು ಪ್ರತ್ಯೇಕ ನಿಯಮವಿಲ್ಲದಿದ್ದರೂ ಈ ಅಂಕಿಗಳು ನಿಮಗೆ ದಾರಿ ತೋರಿಸುತ್ತವೆ. 300 ದಾಟಿದ ದಿನ ಓಟ, ಚೆಂಡಾಟ ಬೇಡ. 400 ದಾಟಿದರೆ ಮಲಮೂತ್ರಕ್ಕಷ್ಟೇ ಐದು-ಹತ್ತು ನಿಮಿಷ ಕರೆದೊಯ್ದು ವಾಪಸ್ ಬನ್ನಿ. ಒಳಗೆ ಬಂದ ಮೇಲೆ ಪಾದ, ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ.

ವೇಳೆಯ ವಿಷಯದಲ್ಲೂ ಎಚ್ಚರ ಬೇಕು. ಚಳಿಗಾಲದಲ್ಲಿ ತಣ್ಣನೆಯ ಗಾಳಿ ನೆಲದ ಮಟ್ಟದಲ್ಲೇ ಹೊಗೆಯನ್ನು ಹಿಡಿದಿಡುವುದರಿಂದ ಮುಂಜಾನೆಗಿಂತ ಮಧ್ಯಾಹ್ನವೇ ಸಾಮಾನ್ಯವಾಗಿ ವಾಸಿ. ಬೇಸಿಗೆಯಲ್ಲಿ ಇದು ತಿರುವುಮುರುವು: ಸೂರ್ಯ ಏರುವ ಮೊದಲು, ಇಲ್ಲವೇ ರಾತ್ರಿ ನೆಲ ತಣಿದ ಮೇಲೆ ಹೋಗಿ. ಅಂಗೈಯ ಹಿಂಭಾಗವನ್ನು ಏಳು ಸೆಕೆಂಡ್ ರಸ್ತೆಯ ಮೇಲಿಡಲು ಆಗದಿದ್ದರೆ ನಾಯಿಯ ಪಾದವೂ ಸುಡುತ್ತದೆ ಎಂದೇ ಅರ್ಥ.

ಮೂಗಿಗೆ ಕೆಲಸ ಕೊಡಿ

ವಾಸನೆ ಗ್ರಹಿಸುವ ಕೋಶಗಳು ಮನುಷ್ಯನ ಮೂಗಿನಲ್ಲಿ ಸುಮಾರು 50ರಿಂದ 60 ಲಕ್ಷ ಇದ್ದರೆ ನಾಯಿಯಲ್ಲಿ 10 ಕೋಟಿಗೂ ಹೆಚ್ಚು. ವಾಕಿಂಗ್‌ನಲ್ಲಿ ನಾಯಿಗೆ ಅರ್ಧ ಖುಷಿ ಸಿಗುವುದೇ ಮೂಸುವುದರಿಂದ. ಅದನ್ನು ಮನೆಯಲ್ಲೇ ಕೊಡಬಹುದು.

* ಊಟವನ್ನು ಬಟ್ಟಲಿಗೆ ಹಾಕುವ ಬದಲು ಒಣ ಆಹಾರವನ್ನು ಹಳೆಯ ಟವೆಲ್‌ನಲ್ಲಿ ಹರಡಿ ಸುರುಳಿ ಸುತ್ತಿ ಕೊಡಿ. ಬಿಡಿಸಿ ತಿನ್ನಲು ಅದಕ್ಕೆ ಹತ್ತು ನಿಮಿಷವಾದರೂ ಬೇಕಾಗಬಹುದು.
* ಆನ್‌ಲೈನ್ ಪಾರ್ಸೆಲ್‌ನ ರಟ್ಟಿನ ಡಬ್ಬಗಳಲ್ಲಿ ಒಂದರಲ್ಲಿ ಮಾತ್ರ ತಿಂಡಿ ಇಟ್ಟು ಹುಡುಕಲು ಬಿಡಿ. ಟೇಪ್, ಪಿನ್ ಮೊದಲೇ ತೆಗೆಯಿರಿ.
* ಮನೆಯವರೊಬ್ಬರು ಬಾಗಿಲ ಹಿಂದೆ ಅಡಗಿ ಒಮ್ಮೆ ಹೆಸರು ಕರೆಯಲಿ. ಈ ಕಣ್ಣಾಮುಚ್ಚಾಲೆಯಲ್ಲಿ ಓಟವೂ ಆಗುತ್ತದೆ, ಕರೆದರೆ ಬರುವ ಅಭ್ಯಾಸವೂ ಆಗುತ್ತದೆ.
* ರಬ್ಬರ್ ಆಟಿಕೆಯೊಳಗೆ ಸಕ್ಕರೆ ಹಾಕದ ಮೊಸರು ತುಂಬಿ ಫ್ರೀಜರ್‌ನಲ್ಲಿಟ್ಟು ಕೊಡಿ. ಬೇಸಿಗೆಯ ಮಧ್ಯಾಹ್ನಕ್ಕೆ ಇದು ಒಳ್ಳೆಯದು. ನೆಕ್ಕುವ ಕೆಲಸ ನಾಯಿಯನ್ನು ಶಾಂತಗೊಳಿಸುತ್ತದೆ.

ತಿಂಡಿ ಹೆಚ್ಚಾದರೆ ತೂಕ ಏರುತ್ತದೆ. ಆಟಕ್ಕೆ ಬಳಸಿದ್ದನ್ನು ದಿನದ ಊಟದಿಂದಲೇ ಕಳೆಯಿರಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಮತ್ತು ಜೈಲಿಟಾಲ್ ಇರುವ ಸಿಹಿ ಪದಾರ್ಥ ನಾಯಿಗೆ ವಿಷ.

ಪಾಠ ಒಂದೇ ಭಾಷೆಯಲ್ಲಿರಲಿ

ದಿನಕ್ಕೆ ಎರಡು-ಮೂರು ಬಾರಿ, ಒಂದೊಂದು ಸಲ ಐದು ನಿಮಿಷ ತರಬೇತಿ ಕೊಡಿ. ‘ಕೂರು’, ‘ಬಾ’, ‘ಬಿಡು’, ‘ಜಾಗಕ್ಕೆ ಹೋಗು’ ಕಲಿತ ಮೇಲೆ ಆಟಿಕೆಗಳ ಹೆಸರು ಕಲಿಸಿ. ದೆಹಲಿಯ ಕನ್ನಡ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ, ಮಕ್ಕಳು ಇಂಗ್ಲಿಷ್‌ನಲ್ಲಿ, ಕೆಲಸದವರು ಹಿಂದಿಯಲ್ಲಿ ಆಜ್ಞೆ ಕೊಡುವುದುಂಟು. ಕಲಿಯುವ ನಾಯಿಗೆ ಇದು ಗೊಂದಲ. ಭಾಷೆ ಯಾವುದಾದರೂ ಸರಿ, ಒಂದು ಕೆಲಸಕ್ಕೆ ಎಲ್ಲರೂ ಒಂದೇ ಪದ ಬಳಸಲಿ.

ಹಗ್ಗ ಎಳೆಯುವ ಆಟಕ್ಕೂ ‘ಬಿಡು’ ಎಂದರೆ ಬಿಡುವ ನಿಯಮವಿರಲಿ. ನುಣುಪಾದ ಮಾರ್ಬಲ್, ಟೈಲ್ಸ್ ನೆಲದಲ್ಲಿ ಕಾಲು ಜಾರಿ ಕೀಲು ಪೆಟ್ಟಾಗಬಹುದು, ಹಾಗಾಗಿ ಚಾಪೆ ಅಥವಾ ಕಾರ್ಪೆಟ್ ಹಾಸಿ. ಲೇಸರ್ ಬೆಳಕನ್ನು ಅಟ್ಟಿಸುವ ಆಟ ಬೇಡ. ಎಂದೂ ಕೈಗೆ ಸಿಗದ ಬೇಟೆಯಿಂದ ಕೆಲವು ನಾಯಿಗಳಿಗೆ ಗೀಳು ಹತ್ತುತ್ತದೆ.

ತಳಿ ನೋಡಿ ಆಟ

ಪಗ್, ಫ್ರೆಂಚ್ ಬುಲ್‌ಡಾಗ್, ಶಿಹ್ ಟ್ಸುಗಳಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಉಸಿರಾಟವೇ ಕಷ್ಟ. ಇವಕ್ಕೆ ಮೂಸಿ ಹುಡುಕುವ ಆಟ ಸಾಕು, ಜಿಗಿತ ಬೇಡ. ಲ್ಯಾಬ್ರಡಾರ್, ಬೀಗಲ್‌ಗಳು ಊಟ ಹುಡುಕುವುದರಲ್ಲಿ ದಣಿಯುತ್ತವೆ. ಬಾಗಲಕೋಟೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆ ಗುರುತಿಸಿ ಓಡುವ ತಳಿ. ಅದಕ್ಕೆ ಕೋಲಿನ ತುದಿಗೆ ಬಟ್ಟೆ ಕಟ್ಟಿ ಅಟ್ಟಿಸುವ ಆಟವನ್ನು ಸ್ವಲ್ಪ ಸ್ವಲ್ಪ ಹೊತ್ತು ಆಡಿಸಿ, ಕೊನೆಗೆ ಆ ಬಟ್ಟೆಯನ್ನು ಹಿಡಿಯಲು ಬಿಡಿ.

ಒಳಗಿನ ಗಾಳಿ, ಅಕ್ಕಪಕ್ಕದವರು

ಕಿಟಕಿ ಮುಚ್ಚಿ ಅಗರಬತ್ತಿ, ಸೊಳ್ಳೆ ಬತ್ತಿ ಹಚ್ಚಿದರೆ ಒಳಗಿನ ಗಾಳಿಯೂ ಕೆಡುತ್ತದೆ. ಏರ್ ಪ್ಯೂರಿಫೈಯರ್ ಇದ್ದರೆ ನಾಯಿ ಮಲಗುವ ಕೋಣೆಯಲ್ಲಿಡಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಪ್ರಕಾರ ನಿವಾಸಿಗಳ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ. ಆದರೆ ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ. ಕೆಳಗಿನ ಮನೆಯವರು ಮಲಗುವ ಹೊತ್ತಿಗೆ ಓಟದ ಆಟ ಮುಗಿಸಿ.

ವೈದ್ಯರ ಬಳಿ ಯಾವಾಗ?

ನಿಲ್ಲದ ಕೆಮ್ಮು, ವಿಶ್ರಾಂತಿಯಲ್ಲೂ ಏದುಸಿರು, ಊಟ ಬಿಡುವುದು ಕಂಡರೆ ಪಶುವೈದ್ಯರಿಗೆ ತೋರಿಸಿ. ವಸಡು ನೀಲಿಯಾದರೆ, ಅಥವಾ ಬಿಸಿಲಿನಲ್ಲಿ ತೂರಾಡಿ ಕುಸಿದರೆ ಅದು ತುರ್ತುಸ್ಥಿತಿ. ಬಿಸಿಲಿಗೆ ಕುಸಿದಿದ್ದರೆ ಮೈಗೆ ತಣ್ಣೀರು ಸುರಿದು ಗಾಳಿ ಬೀಸುತ್ತಾ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಗಾಳಿ ತಿಳಿಯಾದ ಮೊದಲ ದಿನವೇ ವಾರದ ಬಾಕಿ ತೀರಿಸುವಂತೆ ಓಡಿಸಬೇಡಿ. ಮೊದಲು 15 ನಿಮಿಷ, ನಂತರ ದಿನಕ್ಕಿಷ್ಟು ಹೆಚ್ಚಿಸಿ. ಹೊರಗಿನ ವಾಕಿಂಗ್ ಮತ್ತೆ ಶುರುವಾದರೂ ಮನೆಯೊಳಗಿನ ಹುಡುಕಾಟ ಬಿಡಬೇಡಿ. ಮುಂದಿನ ಸಲ ಹೊಗೆ ಕವಿದಾಗ ನಾಯಿಗೆ ಅದು ಹೊಸದಾಗಿರುವುದಿಲ್ಲ.